ಮೂರು ಸಾಗರಗಳು: ಹೈದರಾಬಾದಿನ ಜಲಾಶಯಗಳ ನೀರು ಮತ್ತು ಪ್ಲವಕಜೀವನದ ಚರಿತ್ರೆ

ಹೈದರಾಬಾದು ನಗರದ ಆಸುಪಾಸಿನಲ್ಲಿ ಸಾಗರವೆಂಬ ಹೆಸರನ್ನು ಹೊತ್ತು ಪ್ರಸಿದ್ಧಿಗೆ ಬಂದ ಜಲಾಶಯಗಳು ಮೂರು. ಗೋಲ್ಕೊಂಡದ ಸುಲ್ತಾನ ಇಬ್ರಾಹಿಂ ಕುತುಬ್ ಶಹನ ಆಳಿಕೆಯಲ್ಲಿ, 1562ರಲ್ಲಿ, ನಿರ್ಮಾಣಗೊಂಡ ಹುಸೇನ್ ಸಾಗರ ಮೊದಲನೆಯದು. 1591ರಲ್ಲಿ ಹುಟ್ಟಿದ ಹೈದರಾಬಾದು ನಗರಕ್ಕಿಂತಲೂ ಅದು ವಯಸ್ಸಿನಲ್ಲಿ ಹಿರಿದು. 1920ರಲ್ಲಿ ಮೂಸಿ ನದಿಗೆ ಅಡ್ಡಲಾಗಿ ಪೂರ್ಣಗೊಂಡ ಉಸ್ಮಾನ್ ಸಾಗರ, ಜನರ ಬಾಯಲ್ಲಿ ಗಂಡಿಪೇಟೆ ಕೆರೆ, ಎರಡನೆಯದು. 1927ರಲ್ಲಿ ಮೂಸಿಯ ಉಪನದಿಯಾದ ಈಸಿಗೆ ಕಟ್ಟಿದ ಹಿಮಾಯತ್ ಸಾಗರ ಮೂರನೆಯದು. ಈ ಮೂರರ ಏರಿಗಳ ಚರಿತ್ರೆಯನ್ನೂ ಅವುಗಳನ್ನು ಕಟ್ಟಿಸಿದ ದೊರೆಗಳ ಚರಿತ್ರೆಯನ್ನೂ ಬರೆದವರು ಅನೇಕರು. ಆದರೆ ಏರಿಯ ಒಳಗೆ ನಿಂತ ನೀರಿಗೂ ಒಂದು ಚರಿತ್ರೆಯುಂಟು. ಅದರಲ್ಲಿ ಕರಗಿದ ವಾಯುಗಳು, ಲವಣಗಳು, ಅದರಲ್ಲಿ ತೇಲುತ್ತ ಬಾಳುವ ಕಣ್ಣಿಗೆ ಕಾಣದ ಜೀವಿಗಳು, ಇವೆಲ್ಲ ಆ ಚರಿತ್ರೆಯ ಪಾತ್ರಗಳು. ಒಂದೇ ಸೀಮೆಯಲ್ಲಿ, ಒಂದೇ ಮುಂಗಾರಿನಿಂದ ತುಂಬುವ ಮೂರು ಜಲಾಶಯಗಳ ಪೈಕಿ ಎರಡು ಹೆಚ್ಚು ಕಡಮೆ ಒಂದು ಶತಮಾನ ಕುಡಿಯುವ ನೀರಿನ ನೆಲೆಗಳಾಗಿ ಉಳಿದುವು; ಒಂದು ಮಾತ್ರ ಮೂಗು ಮುಚ್ಚಿಕೊಂಡು ದಾಟಬೇಕಾದ ಸ್ಥಿತಿಗೆ ಇಳಿಯಿತು. ಇದು ಹೇಗಾಯಿತೆಂಬುದನ್ನು ಶಾಸನಗಳಿಂದ ತಿಳಿಯುವುದಕ್ಕಿಂತ ನೀರಿನಿಂದಲೇ ತಿಳಿಯುವುದು ಹೆಚ್ಚು.

ಹಿರಿಯ ಕೆರೆಯನ್ನು ಸದ್ಯಕ್ಕೆ ಬದಿಗಿಟ್ಟು ಕಿರಿಯವೆರಡನ್ನು ಮೊದಲು ನೋಡಬೇಕು. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಹೈದರಾಬಾದಿನ ಬಹುಭಾಗವನ್ನು ಕೊಚ್ಚಿಕೊಂಡು ಹೋದುದು ಪ್ರಸಿದ್ಧವಾದ ಸಂಗತಿ. ಸುಮಾರು ಹದಿನೈದು ಸಾವಿರ ಜನ ಸತ್ತರೆಂಬ ಅಂದಾಜು ಪ್ರಚಲಿತವಾಗಿದೆ. ಅಫ್ಜಲಗಂಜಿನ ಒಂದು ಹುಣಸೆಯ ಮರವನ್ನೇರಿ ನೂರಾರು ಮಂದಿ ಬದುಕಿಕೊಂಡರು. ಆ ಮರ ಉಸ್ಮಾನಿಯಾ ಆಸ್ಪತ್ರೆಯ ಆವರಣದಲ್ಲಿ ಗೌರವಕ್ಕೆ ಪಾತ್ರವಾಗಿದೆ. ಆಗ ಮುಂಬಯಿ ಸರಕಾರದ ಸೇವೆಯಿಂದ ಬಿಡುಗಡೆ ಹೊಂದಿ ಯೂರೋಪಿನಲ್ಲಿ ಪ್ರವಾಸ ಮಾಡುತ್ತಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರಿಗೆ ನಿಜಾಮರ ಸರಕಾರದಿಂದ ಕರೆ ಹೋಯಿತು. 1909ರ ಏಪ್ರಿಲಿನಲ್ಲಿ ಕೆಲಸವನ್ನು ವಹಿಸಿಕೊಂಡ ಅವರು ಅದೇ ವರ್ಷದ ಅಕ್ಟೋಬರಿನಲ್ಲಿ ವರದಿಯನ್ನೊಪ್ಪಿಸಿ, ನವೆಂಬರಿನಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಪದವಿಗೆ ಹೊರಟುಹೋದರು. ಆರು ತಿಂಗಳ ಆ ಕೆಲಸ ಹೈದರಾಬಾದಿನ ನೂರು ವರ್ಷಗಳ ನೀರಿನ ಹಣೆಬರಹವನ್ನು ಬರೆಯಿತು.

ಅವರು ಮೊದಲು ಗಮನಿಸಿದ್ದು ಕೆರೆಗಳನ್ನು. ನಗರದ ಮೇಲಣ ಜಲಾನಯನ ಪ್ರದೇಶದಲ್ಲಿ 788 ಕೆರೆಗಳಿದ್ದುವು, ಅಂದರೆ ಹೆಚ್ಚು ಕಡಮೆ ಚದರ ಮೈಲಿಗೊಂದು. ಆ ಮಳೆಯಲ್ಲಿ 221 ಒಡೆದಿದ್ದುವು. ಒಂದು ಒಡೆದ ನೀರು ಕೆಳಗಿನದನ್ನೊಡೆದು, ಅವೆರಡೂ ಸೇರಿ ಮೂರನೆಯದನ್ನೊಡೆದು ಪ್ರಳಯವಾಯಿತು. ಆದುದರಿಂದ ನಗರದಿಂದ ಎಂಟೂವರೆ ಮೈಲಿ ಮೇಲೆ ಮೂಸಿಗೂ, ಆರೂವರೆ ಮೈಲಿ ಮೇಲೆ ಈಸಿಗೂ ಒಂದೊಂದು ದೊಡ್ಡ ಜಲಾಶಯವನ್ನು ಕಟ್ಟಿ ನೆರೆಯನ್ನು ಅಲ್ಲಿಯೇ ತಡೆದು ನಿಲ್ಲಿಸಬೇಕೆಂದು ಅವರು ಸೂಚಿಸಿದರು. ನೆರೆಯನ್ನು ತಡೆಯುವ ಕಟ್ಟೆಯೇ ನಗರಕ್ಕೆ ಕುಡಿಯುವ ನೀರನ್ನೂ ಕೊಡಬಲ್ಲುದೆಂಬುದು ಅದರ ಜೊತೆಯ ಲಾಭ. ಈ ಎರಡು ಪ್ರಯೋಜನಗಳು ಒಂದಕ್ಕೊಂದು ಸ್ವಲ್ಪ ವಿರೋಧಿಗಳೆಂಬುದನ್ನು ಇಲ್ಲಿಯೇ ಹೇಳಿಬಿಡಬಹುದು. ನೆರೆಗಾಗಿ ಕಟ್ಟೆ ಬರಿದಾಗಿರಬೇಕು, ಕುಡಿಯುವುದಕ್ಕಾಗಿ ತುಂಬಿರಬೇಕು. ಏಳನೆಯ ನಿಜಾಮ ಉಸ್ಮಾನ್ ಅಲಿ ಖಾನನ ಕಾಲದಲ್ಲಿ ಎರಡೂ ಕಟ್ಟೆಗಳು ಎದ್ದುವು. ಉಸ್ಮಾನ್ ಸಾಗರದಲ್ಲಿ ಸುಮಾರು 3.9 ಟಿ.ಎಂ.ಸಿ., ಹಿಮಾಯತ್ ಸಾಗರದಲ್ಲಿ ಸುಮಾರು 2.97 ಟಿ.ಎಂ.ಸಿ. ನೀರು ನಿಲ್ಲುತ್ತದೆ. ಅದುವರೆಗೆ ನಗರಕ್ಕೆ ನೀರೂಡುತ್ತಿದ್ದ, ಇಪ್ಪತ್ತೊಂದು ಅರ್ಧವೃತ್ತಾಕಾರದ ಕಮಾನುಗಳ ಕಟ್ಟೆಯಿಂದ ಎಂಜಿನಿಯರುಗಳ ಮೆಚ್ಚುಗೆಯನ್ನು ಪಡೆದ ಮೀರ್ ಆಲಂ ಕೆರೆ ಹಿಂದೆ ಸರಿಯಿತು.

ಕಾಕತಾಳೀಯವೆಂಬಂತೆ, ಹೈದರಾಬಾದು ನೆರೆಯಲ್ಲಿ ಮುಳುಗಿದ ಆ 1908ರಲ್ಲಿಯೇ ಜರ್ಮನಿಯ ಕೋಲ್ಕ್‌ವಿಟ್ಸ್ ಮತ್ತು ಮಾರ್ಸನ್ ಎಂಬಿಬ್ಬರು ವಿಜ್ಞಾನಿಗಳು ಕೊಳಕುನೀರಿನಲ್ಲಿ ಬಾಳುವ ಸಸ್ಯಗಳ ವಿಷಯವಾಗಿ ತಮ್ಮ ಪ್ರಬಂಧವನ್ನು ಪ್ರಕಟಿಸಿದರು. ವಿಶ್ವೇಶ್ವರಯ್ಯನವರ ವರದಿಯ ವರ್ಷವಾದ 1909ರಲ್ಲಿ ಪ್ರಾಣಿಗಳ ಮೇಲಿನ ಅದರ ಜೊತೆಯ ಪ್ರಬಂಧ ಹೊರಬಿತ್ತು. ನೀರಿನಲ್ಲಿರುವ ಜೀವಿಗಳ ಕುಲಗೋತ್ರಗಳನ್ನು ನೋಡಿ ಆ ನೀರಿನ ಶುಚಿತ್ವವನ್ನು ನಿರ್ಣಯಿಸಬಹುದೆಂಬುದು ಅವರ ಮತದ ಸಾರ. ಅದಕ್ಕೆ ಬೇಕಾದ ಸಾಮಗ್ರಿ ಆ ವೇಳೆಗೆ ಒದಗಿತ್ತು. ಬಿಳಿಯ ತಟ್ಟೆಯೊಂದನ್ನು ನೀರಿಗಿಳಿಬಿಟ್ಟು ಅದು ಕಣ್ಮರೆಯಾಗುವ ಆಳದಿಂದ ನೀರಿನ ತಿಳಿಯನ್ನಳೆಯುವ ಉಪಾಯವನ್ನು 1865ರಲ್ಲಿ ಇಟಲಿಯ ಸೆಕ್ಕಿ ಎಂಬ ಪಾದ್ರಿ ಪ್ರಯೋಗಿಸಿದ್ದನು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಅಳೆಯುವ ವಿಂಕ್ಲರನ ವಿಧಾನ 1888ರದು. ನೀರಿನ ಚಲನೆಯನ್ನನುಸರಿಸಿ ತೇಲಿಹೋಗುವ ಜೀವಸಮೂಹಕ್ಕೆ 1887ರಲ್ಲಿ ಹೆನ್ಸನ್ ಎಂಬವನು, ಅಲೆದಾಡುವುದು ಎಂಬ ಅರ್ಥದ ಗ್ರೀಕ್ ಮಾತಿನಿಂದ, ಪ್ಲಾಂಕ್ಟನ್ ಎಂದು ಹೆಸರಿಟ್ಟನು. ತೇಲುವುದೆಂಬರ್ಥದ ಸಂಸ್ಕೃತ ಧಾತುವಿನಿಂದ ಬಂದ ಪ್ಲವಕವೆಂಬ ನಮ್ಮ ಮಾತು ಧ್ವನಿಯಲ್ಲಿಯೂ ಅರ್ಥದಲ್ಲಿಯೂ ಅದಕ್ಕೆ ಬಹು ಸಮೀಪವಾಗಿ ಒದಗಿರುವುದು ಒಂದು ಭಾಗ್ಯ.

ಈಗ ನೀರಿನ ಮಾತು. ಮೂಸಿ ಹುಟ್ಟುವುದು ವಿಕಾರಾಬಾದಿನ ಬಳಿಯ ಅನಂತಗಿರಿಯ ಗುಡ್ಡಗಳಲ್ಲಿ. ಅಲ್ಲಿ ದಖ್ಖನದ ಕರಿಯ ಅಗ್ನಿಶಿಲೆಯ ಮೇಲೆ ಮುರಕಲ್ಲಿನ ಹೊದಿಕೆಯಿದೆ. ಕೆಳಗಿಳಿದು ಬಂದಂತೆ ಹೈದರಾಬಾದಿನ ಸುತ್ತ ಗ್ರಾನೈಟ್ ಬಂಡೆಗಳ ರಾಜ್ಯ. ಕರಿಯ ಕಲ್ಲು ಸವೆದು ಸುಣ್ಣ ಮತ್ತು ಮೆಗ್ನೀಸಿಯಮ್ಮುಗಳನ್ನು ನೀರಿಗೆ ಧಾರಾಳವಾಗಿ ಕೊಡುತ್ತದೆ. ಗ್ರಾನೈಟು ಜಿಪುಣ, ಅದು ಕೊಡುವುದು ನಿಧಾನ. ಮಳೆಯ ನೀರು ಆಕಾಶದಿಂದ ತಂದ ಇಂಗಾಲಾಮ್ಲ ವಾಯುವೂ ಮಣ್ಣಿನಲ್ಲಿ ಬೇರುಗಳು ಬಿಟ್ಟ ಅದೇ ವಾಯುವೂ ಕಲ್ಲನ್ನು ಕರಗಿಸಿ ಬೈಕಾರ್ಬೊನೇಟ್ ಲವಣಗಳನ್ನುಂಟುಮಾಡುತ್ತವೆ. ನೀರಿನ ಗಡಸುತನ ಇವುಗಳದು. ಕೆರೆಯ ಸಸ್ಯಗಳಿಗೆ ಇಂಗಾಲದ ಉಗ್ರಾಣವೂ ಇವೇ.

ಜೂನಿನಿಂದ ಸೆಪ್ಟೆಂಬರಿನವರೆಗೆ ಕೆಂಪು ನೀರು ಹರಿದುಬಂದು ಜಲಾಶಯ ತುಂಬುವ ಕಾಲದಲ್ಲಿ ಬೆಳಕು ಆಳಕ್ಕಿಳಿಯದು. ಪ್ಲವಕವೂ ಆಗ ವಿರಳ. ಇದ್ದುದು ಕೊಚ್ಚಿಹೋಗುತ್ತದೆ, ಹುಟ್ಟಬೇಕಾದುದಕ್ಕೆ ಬಿಸಿಲಿಲ್ಲ. ಮಳೆ ನಿಂತು ಮಣ್ಣು ತಳಕ್ಕಿಳಿದು ನೀರು ತಿಳಿಯಾದ ಮೇಲೆ, ಚಳಿಗಾಲದ ಹೊತ್ತಿಗೆ, ಡಯಾಟಂಗಳೆಂಬ ಏಕಕೋಶದ ಶೈವಲಗಳು ಹೆಚ್ಚುವುದುಂಟು. ಇವು ನೀರಿನಿಂದ ಸಿಲಿಕಾ ಲವಣವನ್ನು ಹೀರಿ ಗಾಜಿನ ಭರಣಿಯಂತಹ ಕವಚವನ್ನು ಕಟ್ಟಿಕೊಳ್ಳುತ್ತವೆ. ಕುಂಕುಮದ ಭರಣಿಗೆ ಮುಚ್ಚಳವಿದ್ದಂತೆ ಆ ಕವಚಕ್ಕೂ ಮೇಲೊಂದು ಕೆಳಗೊಂದು ಹೋಳು. ಬೇಸಗೆ ಬಲಿತು ನೀರು ಆವಿಯಾಗಿ ತಗ್ಗಿದಂತೆ ಉಳಿದ ನೀರಿನಲ್ಲಿ ಲವಣಗಳು ಒತ್ತಾಗುತ್ತವೆ, ಶಾಖ ಏರುತ್ತದೆ. ಆಗ ನೀಲಹಸುರು ಜಾತಿಯವುಗಳ ಸರದಿ. ದಖ್ಖನದ ಕೆರೆಗಳಲ್ಲಿ ಈ ಋತುಚಕ್ರ ಸಾಮಾನ್ಯ. ಈ ಹಸುರನ್ನು ಮೇಯುವ ಪ್ರಾಣಿಪ್ಲವಕಗಳೂ ಜೊತೆಯಲ್ಲಿಯೇ ಇವೆ: ತಲೆಯ ಮೇಲೆ ಚಕ್ರ ತಿರುಗಿದಂತೆ ತೋರುವ ರೋಟಿಫರುಗಳು, ನೀರುಚಿಗಟಗಳೆನಿಸಿದ ಡಾಫ್ನಿಯ, ಮೊಯಿನ ಮೊದಲಾದುವು, ಒಂಟಿಕಣ್ಣಿನ ಸೈಕ್ಲಾಪ್ಸ್. ಮೀನಿನ ಮರಿಗೆ ಮೊದಲ ಅನ್ನ ಇವುಗಳೇ.

ಋತುಚಕ್ರಕ್ಕಿಂತ ಕುತೂಹಲಕರವಾದುದು ದಿನಚಕ್ರ. ಹಗಲಿನಲ್ಲಿ ಸಸ್ಯಪ್ಲವಕ ಇಂಗಾಲಾಮ್ಲವನ್ನು ತೆಗೆದುಕೊಂಡು ಆಮ್ಲಜನಕವನ್ನು ಬಿಡುತ್ತದೆ. ನೀರು ಕ್ಷಾರದ ಕಡೆಗೆ ವಾಲುತ್ತದೆ. ರಾತ್ರಿ ಬೆಳಕಿಲ್ಲ. ಉಸಿರಾಟ ಮಾತ್ರ ಎಲ್ಲ ಜೀವಿಗಳಲ್ಲಿಯೂ ನಡೆದಿರುತ್ತದೆ. ಆದುದರಿಂದ ಆಮ್ಲಜನಕ ಅತ್ಯಂತ ಕಡಮೆಯಾಗಿರುವುದು ಸೂರ್ಯೋದಯಕ್ಕೆ ತುಸು ಮುಂಚೆ. ಉಷ್ಣದೇಶದ ಕೆರೆಗೆ ಇಲ್ಲೊಂದು ಸ್ವಭಾವಸಿದ್ಧವಾದ ಬಡತನವಿದೆ. ಸಮುದ್ರಮಟ್ಟದಲ್ಲಿ ಶೂನ್ಯ ಡಿಗ್ರಿಯ ನೀರು ಲೀಟರಿಗೆ 14.6 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿಯಬಲ್ಲುದು. 30 ಡಿಗ್ರಿಯ ನೀರು ಹಿಡಿಯುವುದು ಸುಮಾರು 7.5. ಹೈದರಾಬಾದು ಇರುವ ಎತ್ತರದಲ್ಲಿ ಅದು ಇನ್ನೂ ಸ್ವಲ್ಪ ಕಡಮೆ. ಯೂರೋಪಿನ ಸರೋವರ ತಾಳಬಲ್ಲ ಹೊಲಸನ್ನು ನಮ್ಮ ಕೆರೆ ತಾಳಲಾರದು. ನಮ್ಮ ಪುರಸಭೆಗಳು ಇದನ್ನು ಅರಿತು ನಡೆದಂತೆ ತೋರುವುದಿಲ್ಲ.

ಪ್ಲವಕದ ಏರಿಳಿತವನ್ನು ಸೂಕ್ಷ್ಮದರ್ಶಕವಿಲ್ಲದೆಯೇ ಮೊದಲು ಅರಿತವರು ಶೋಧನಾಗಾರದ ಕೆಲಸಗಾರರೆಂದು ತಿಳಿಯಬೇಕು. ಉಸ್ಮಾನ್ ಸಾಗರದ ನೀರು ಕಾಲುವೆಯಲ್ಲಿ ತನ್ನಷ್ಟಕ್ಕೆ ಹರಿದು ಆಸಿಫನಗರದ ಶೋಧನಾಗಾರಕ್ಕೂ, ಹಿಮಾಯತ್ ಸಾಗರದ ನೀರು ಮೀರ್ ಆಲಂ ಬಳಿಯ ಶೋಧನಾಗಾರಕ್ಕೂ ಬರುವ ಏರ್ಪಾಡಾಯಿತು. ನೀರನ್ನು ಮರಳಿನಲ್ಲಿ ನಿಧಾನವಾಗಿ ಇಂಗಿಸಿ ಶುದ್ಧಿಮಾಡುವ ಕ್ರಮ 1829ರಲ್ಲಿ ಲಂಡನ್ನಿನ ಚೆಲ್ಸಿಯಲ್ಲಿ ರೂಢಿಗೆ ಬಂದದ್ದು. ಅದರ ಗುಟ್ಟು ಮರಳಲ್ಲ, ಮರಳಿನ ಮೇಲೆ ಬೆಳೆಯುವ ಲೋಳೆಯಂತಹ ಜೀವಪದರ. ರೋಗಾಣುಗಳನ್ನು ತಡೆದು ತಿನ್ನುವುದು ಅದೇ. ಶುದ್ಧಿಗೆ ಪ್ಲವಕದ ಬಂಧುಗಳು ಹೀಗೆ ನೆರವಾದರೆ, ಡಯಾಟಂಗಳು ವಿಪರೀತವಾಗಿ ಹೆಚ್ಚಿದಾಗ ಅವುಗಳ ಗಾಜಿನ ಕವಚಗಳು ಮರಳಿನ ಸಂದುಗಳನ್ನು ಮುಚ್ಚಿ ಶೋಧನೆಯನ್ನೇ ನಿಲ್ಲಿಸುತ್ತವೆ. ಕೆಲವು ನೀಲಹಸುರು ಜಾತಿಗಳು ಹೆಚ್ಚಿದರೆ ನಲ್ಲಿಯ ನೀರಿಗೆ ಹೊಸಮಳೆಯ ಮಣ್ಣಿನ ವಾಸನೆ. ಇದಕ್ಕೆ ಕಾರಣವಾದ ವಸ್ತುವಿಗೆ 1965ರಲ್ಲಿ ಜಿಯೋಸ್ಮಿನ್ ಎಂದು ನಾಮಕರಣವಾಯಿತು. ಅಮೆರಿಕದ ವ್ಹಿಪಲ್ 1899ರಲ್ಲಿಯೇ ಕುಡಿಯುವ ನೀರಿನ ಸೂಕ್ಷ್ಮದರ್ಶನವನ್ನು ಕುರಿತು ಗ್ರಂಥ ಬರೆದದ್ದು ಇಂತಹ ತೊಂದರೆಗಳ ನಿವಾರಣೆಗಾಗಿಯೇ.

ಭಾರತದಲ್ಲಿ ಈ ವಿದ್ಯೆಯ ಬೆಳವಣಿಗೆಗೆ ಮದರಾಸು ತವರು. ಎಂ. ಓ. ಪಿ. ಅಯ್ಯಂಗಾರರು ಅಲ್ಲಿ ಶೈವಲಶಾಸ್ತ್ರಕ್ಕೆ ತಳಹದಿ ಹಾಕಿದರು. ಎಸ್. ವಿ. ಗಣಪತಿಯವರು 1940ರಲ್ಲಿ ಮುಂಬಯಿಯ ನೈಸರ್ಗಿಕ ಇತಿಹಾಸ ಸಂಘದ ಪತ್ರಿಕೆಯಲ್ಲಿ, ಮೈಕ್ರೊಸಿಸ್ಟಿಸ್ ಎಂಬ ನೀಲಹಸುರು ಜೀವಿ ವರ್ಷವಿಡೀ ಹೊದ್ದುಕೊಂಡಿದ್ದ ದೇವಾಲಯದ ಪುಷ್ಕರಿಣಿಯೊಂದರ ನೀರಿನ ಪರೀಕ್ಷೆಯನ್ನು ಪ್ರಕಟಿಸಿದರು. ಭಕ್ತರು ಕಾಲು ತೊಳೆದು ತೀರ್ಥವೆಂದು ಪ್ರೋಕ್ಷಿಸಿಕೊಳ್ಳುವ ನೀರನ್ನು ಪ್ರಯೋಗಶಾಲೆಯ ಗಾಜಿನ ನಳಿಗೆಗೆ ಹಾಕಿದ ಧೈರ್ಯ ಅದರಲ್ಲಿದೆ. ಹೈದರಾಬಾದಿನಲ್ಲಿ ಈ ಕೆಲಸವನ್ನು ಕೈಗೊಂಡದ್ದು 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯ. ಬೀದರ, ಕಲಬುರಗಿ, ರಾಯಚೂರುಗಳು 1956ರವರೆಗೆ ಹೈದರಾಬಾದು ಸಂಸ್ಥಾನ ಮತ್ತು ರಾಜ್ಯಕ್ಕೆ ಸೇರಿದ್ದುದರಿಂದ ಆ ಭಾಗದ ಕನ್ನಡಿಗರ ಉಚ್ಚಶಿಕ್ಷಣದ ನೆಲೆಯೂ ಅದೇ ಆಗಿತ್ತು. ಎ. ಆರ್. ಜಾಫರರು 1964ರಲ್ಲಿಯೂ 1967ರಲ್ಲಿಯೂ ಹಾಲೆಂಡಿನ ಹೈಡ್ರೊಬಯಾಲಜಿಯ ಎಂಬ ಪತ್ರಿಕೆಯಲ್ಲಿ ಹೈದರಾಬಾದಿನ ಮೀನುಕೊಳಗಳ ಶೈವಲಗಳನ್ನು ಕುರಿತು ಸರಣಿ ಲೇಖನಗಳನ್ನು ಬರೆದರು: ಮೊದಲು ನೀರಿನ ಭೌತ ರಾಸಾಯನಿಕ ಲಕ್ಷಣ, ಅನಂತರ ಜೀವಿಗಳ ಹಂಚಿಕೆ, ಕೊನೆಗೆ ಅವುಗಳ ಕಾಲಕ್ರಮ. ಎಂ. ಮುನಾವರರು 1970ರಲ್ಲಿ ಅದೇ ಪತ್ರಿಕೆಯಲ್ಲಿ ನಗರದ ಕೊಳೆತ ಕೊಳಗಳನ್ನೂ ಕೊಳೆಯದ ಕೊಳಗಳನ್ನೂ ಪಕ್ಕಪಕ್ಕದಲ್ಲಿಟ್ಟು ಅವುಗಳ ಪ್ಲವಕವನ್ನು ಹೋಲಿಸಿದರು. ಈ ವಿದ್ವಾಂಸರ ಕೊಳಗಳು ಸಣ್ಣವು. ಆದರೆ ಸಣ್ಣ ಕೊಳದಲ್ಲಿ ಕಲಿತ ಪಾಠ ದೊಡ್ಡ ಸಾಗರಕ್ಕೂ ಅನ್ವಯಿಸುತ್ತದೆ. ಲವಣ ಕಡಮೆಯಾದ ಮೆದುನೀರಿನಲ್ಲಿ, ನಡುವೆ ಕುಗ್ಗಿ ಎರಡೂ ಕಡೆ ಸಮನಾಗಿ ಅರಳಿದ ಡೆಸ್ಮಿಡ್ ಎಂಬ ಅಂದವಾದ ಹಸುರು ಜೀವಿಗಳು ಸುಖವಾಗಿರುತ್ತವೆ. ಸಾವಯವ ಕೊಳೆ ಸೇರಿದ ನೀರಿನಲ್ಲಿ ಯೂಗ್ಲೀನ ಮತ್ತು ಅದರ ಬಂಧುಗಳು ತುಂಬುತ್ತವೆ. 1949ರಲ್ಲಿ ಡೆನ್ಮಾರ್ಕಿನ ನಿಗಾರ್ಡ್ ಎಂಬವರು ಕೊಬ್ಬಿದ ನೀರಿನ ಜಾತಿಗಳ ಸಂಖ್ಯೆಯನ್ನು ಡೆಸ್ಮಿಡ್ ಜಾತಿಗಳ ಸಂಖ್ಯೆಯಿಂದ ಭಾಗಿಸಿ ನೀರಿನ ಸ್ಥಿತಿಯನ್ನು ಒಂದು ಅಂಕೆಯಲ್ಲಿ ಹೇಳುವ ಸೂತ್ರವನ್ನೇ ಕೊಟ್ಟರು. ಜೀವವನ್ನು ಭಾಗಾಕಾರಕ್ಕಿಳಿಸುವ ಈ ಕ್ರಮದಲ್ಲಿ ಸ್ವಲ್ಪ ಒರಟುತನವುಂಟು; ಹೋಲಿಕೆಗೆ ಮಾತ್ರ ಅದು ಉಪಯುಕ್ತ.

ಹುಸೇನ್ ಸಾಗರದ ಪಾಡನ್ನು ಇನ್ನು ನೋಡಬಹುದು. ಮೂಸಿಯಿಂದ ತಂದ ಕಾಲುವೆಯಿಂದ ತುಂಬುತ್ತಿದ್ದ ಈ ಕೆರೆ ಬಹುಕಾಲ ಜನರ ನೀರಿನ ನೆರವಾಗಿತ್ತು. ಹೈದರಾಬಾದು ಮತ್ತು ಸಿಕಂದರಾಬಾದು ಎರಡೂ ಕಡೆಯಿಂದ ಬೆಳೆದು ಅದನ್ನು ಅಪ್ಪಿದುವು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಸನತನಗರ, ಬಾಲಾನಗರ, ಜೀಡಿಮೆಟ್ಲಗಳಲ್ಲಿ ಎದ್ದ ಕೈಗಾರಿಕಾ ಬಡಾವಣೆಗಳೆಲ್ಲ ಈ ಕೆರೆಯ ಮೇಲಣ ಇಳಿಜಾರಿನಲ್ಲಿವೆ. ಕೂಕಟಪಲ್ಲಿ, ಪಿಕೆಟ್, ಬಂಜಾರಾ, ಬಲ್ಕಾಪುರ ಎಂಬ ನಾಲ್ಕು ಹಳ್ಳಗಳು ಮಳೆನೀರಿನ ಬದಲು ಮನೆಗಳ ಕೊಳಚೆಯನ್ನೂ ಕಾರ್ಖಾನೆಗಳ ಕಲ್ಮಷವನ್ನೂ ತರತೊಡಗಿದುವು. ಭಾದ್ರಪದದಲ್ಲಿ ಸಾವಿರಾರು ಗಣೇಶ ವಿಗ್ರಹಗಳ ವಿಸರ್ಜನೆಯೂ ಅಲ್ಲಿಯೇ ನಡೆಯುವ ಪದ್ಧತಿ ಬೆಳೆಯಿತು. ಹಿಂದಿನ ಜೇಡಿಮಣ್ಣಿನ ಗಣಪತಿ ಕೆರೆಯಿಂದ ಬಂದು ಕೆರೆಗೆ ಹೋಗುತ್ತಿದ್ದನು. ಪ್ಲಾಸ್ಟರ್ ಆಫ್ ಪ್ಯಾರಿಸ್ಸಿನದು ಸುಣ್ಣದ ಗಂಧಕಲವಣ. ತಳದ ಕೆಸರಿನಲ್ಲಿ ಆಮ್ಲಜನಕವಿಲ್ಲದ ಕಡೆ ಬ್ಯಾಕ್ಟೀರಿಯಗಳು ಇಂತಹ ಲವಣದ ಗಂಧಕವನ್ನು ಕೊಳೆತ ಮೊಟ್ಟೆಯ ವಾಸನೆಯ ವಾಯುವನ್ನಾಗಿ ಮಾರ್ಪಡಿಸುತ್ತವೆ.

ಆದರೆ ಕೆರೆಯ ರೋಗಕ್ಕೆ ಮೂಲ ರಂಜಕ. ಪ್ಲವಕದ ದೇಹದಲ್ಲಿ ರಂಜಕದ ಒಂದು ಪರಮಾಣುವಿಗೆ ಸಾರಜನಕದ 16, ಇಂಗಾಲದ 106 ಪರಮಾಣುಗಳಿರುತ್ತವೆಂದು ರೆಡ್‌ಫೀಲ್ಡ್ ಎಂಬವನು ಸಮುದ್ರದ ನೀರಿನಿಂದ ಗೊತ್ತುಮಾಡಿದನು. ಇಂಗಾಲ ಗಾಳಿಯಿಂದ ದೊರೆಯುತ್ತದೆ. ಅನಬೀನದಂತಹ ನೀಲಹಸುರು ಜೀವಿಗಳು ಸಾರಜನಕವನ್ನೂ ಗಾಳಿಯಿಂದಲೇ ಹಿಡಿಯುತ್ತವೆ. ರಂಜಕಕ್ಕೆ ಮಾತ್ರ ಆ ದಾರಿಯಿಲ್ಲ. 1973ರಲ್ಲಿ ಕೆನಡಾದ ವಿಜ್ಞಾನಿಗಳು ಒಂಟಾರಿಯೊ ಪ್ರಾಂತದ ಒಂದು ಸರೋವರದ ನಡುವೆ ಪರದೆಯಿಳಿಸಿ, ಒಂದು ಭಾಗಕ್ಕೆ ಇಂಗಾಲ ಸಾರಜನಕಗಳನ್ನೂ ಇನ್ನೊಂದಕ್ಕೆ ಅವುಗಳ ಜೊತೆ ರಂಜಕವನ್ನೂ ಹಾಕಿದರು, ಹಸುರಾದದ್ದು ಎರಡನೆಯದೊಂದೇ. ಲೀಟರಿಗೆ 35 ಮೈಕ್ರೋಗ್ರಾಂ ರಂಜಕವನ್ನು ಮೀರಿದರೆ ಸರೋವರ ಕೊಬ್ಬಿದ ವರ್ಗಕ್ಕೆ ಸೇರುತ್ತದೆಂಬ ಅಳತೆ 1982ರಿಂದ ಪ್ರಚಾರದಲ್ಲಿದೆ. ಮನೆಗಳಿಂದ ಹರಿಯುವ ಕೊಳಚೆಯಲ್ಲಿ ಅದರ ನೂರ್ಮಡಿಗೂ ಮಿಕ್ಕಿರುತ್ತದೆ.

ಬಂದ ರಂಜಕ ಎಲ್ಲಿ ಹೋಗುತ್ತದೆ? ಬಹುಪಾಲು ತಳಕ್ಕೆ. ಅಲ್ಲಿ ಆಮ್ಲಜನಕವಿರುವವರೆಗೆ ಕಬ್ಬಿಣದ ತುಕ್ಕು ಅದನ್ನು ಬಿಗಿಹಿಡಿದು ಠೇವಣಿಯಂತೆ ಕಾಯುತ್ತದೆ. ಆಮ್ಲಜನಕ ತೀರಿದೊಡನೆ ಕಬ್ಬಿಣ ಕರಗಿ ರಂಜಕ ಬಿಡುಗಡೆಯಾಗುತ್ತದೆ. ಇಂಗ್ಲೆಂಡಿನ ಮಾರ್ಟಿಮರ್ 1941 ಮತ್ತು 1942ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದನು. ಎಂದರೆ, ಹೊಲಸು ಹೆಚ್ಚಿದಂತೆ ಆಮ್ಲಜನಕ ಇಳಿಯುವುದು, ಅದಿಳಿದಂತೆ ಹಳೆಯ ರಂಜಕ ಮೇಲೇಳುವುದು, ಅದರಿಂದ ಮೈಕ್ರೊಸಿಸ್ಟಿಸ್ ಕೊಬ್ಬುವುದು, ಅದು ಸತ್ತು ಕೊಳೆತು ಉಳಿದ ಆಮ್ಲಜನಕವನ್ನೂ ನುಂಗುವುದು. ಮೈಕ್ರೊಸಿಸ್ಟಿಸ್ ತನ್ನ ಕೋಶದೊಳಗಿನ ವಾಯುಕೋಶಗಳಿಂದ ಮೇಲಕ್ಕೆ ತೇಲಿ ಬಿಸಿಲನ್ನೆಲ್ಲ ತಾನೇ ಹೀರುತ್ತದೆ. ಕೆಳಗಿರುವ ಡಯಾಟಂ, ಡೆಸ್ಮಿಡುಗಳಿಗೆ ಕತ್ತಲೆ. ಮೇಯುವ ನೀರುಚಿಗಟಗಳಿಗೂ ಅದು ರುಚಿಸದು. ಕೆರೆಯ ತಳಕ್ಕೆ ಬಿದ್ದುದೆಂದರೆ ಹೈದರಾಬಾದಿನವರಿಗೆ ನೆನಪಾಗುವುದು ಬುದ್ಧನ ಏಕಶಿಲಾ ಪ್ರತಿಮೆ. 1990ರ ಮಾರ್ಚಿನಲ್ಲಿ ಸಾಗಿಸುವಾಗ ನೀರಿಗುರುಳಿದ ಅದನ್ನು 1992ರ ಡಿಸೆಂಬರಿನಲ್ಲಿ ಎತ್ತಿ ನಿಲ್ಲಿಸಲಾಯಿತು. ನೂರಾರು ಟನ್ನಿನ ಕಲ್ಲನ್ನು ಎತ್ತಲು ಮೂರು ವರ್ಷ ಹಿಡಿಯಲಿಲ್ಲ. ಕೆಸರಿನ ರಂಜಕವನ್ನು ಎತ್ತುವ ಕೆಲಸ, 2006ರಲ್ಲಿ ಜಪಾನಿನ ಸಾಲದಿಂದ ದೊಡ್ಡ ಯೋಜನೆ ಮಂಜೂರಾಗಿ, ಕೊಳಚೆಯನ್ನು ಬೇರೆಡೆಗೆ ತಿರುಗಿಸಿ, ಹೂಳೆತ್ತಿದ ಮೇಲೂ ಮುಗಿಯಲಿಲ್ಲ.

ಉಸ್ಮಾನ್ ಸಾಗರ, ಹಿಮಾಯತ್ ಸಾಗರಗಳಿಗೆ ಈ ಗತಿ ಬೇಗ ಬಾರದುದಕ್ಕೆ ಮೊದಲ ಕಾರಣ ಭೂಗೋಳವೇ: ಅವು ನಗರದ ಮೇಲ್ಗಡೆಯಿವೆ, ನಗರದ ಚರಂಡಿ ಅವುಗಳ ಕೆಳಗೆ ಹರಿಯುತ್ತದೆ. ನಗರ ಪಶ್ಚಿಮಕ್ಕೂ ದಕ್ಷಿಣಕ್ಕೂ ಹಬ್ಬಿದಂತೆ ಈ ರಕ್ಷೆ ಸಡಿಲವಾಯಿತು. ಆಗ ಎರಡನೆಯ ರಕ್ಷೆಯಾಗಿ ಬಂದದ್ದು 1996ರ ಮಾರ್ಚ್ 8ರ ಸರಕಾರಿ ಆದೇಶ, 111ನೆಯ ಸಂಖ್ಯೆಯದು. ಜಲಾಶಯಗಳ ಪೂರ್ಣಮಟ್ಟದ ಅಂಚಿನಿಂದ 10 ಕಿಲೋಮೀಟರು ಒಳಗೆ, 84 ಹಳ್ಳಿಗಳ ವ್ಯಾಪ್ತಿಯಲ್ಲಿ, ಮಲಿನಕಾರಿ ಕೈಗಾರಿಕೆಗಳನ್ನೂ ದೊಡ್ಡ ಹೋಟೆಲು ಬಡಾವಣೆಗಳನ್ನೂ ಅದು ನಿಷೇಧಿಸಿತು. ಅದೇ 1996ರ ಆರಂಭದಲ್ಲಿ ಬ್ರೆಜಿಲಿನ ಕರುವಾರು ಎಂಬ ಊರಿನ ಚಿಕಿತ್ಸಾಲಯದಲ್ಲಿ, ನೀಲಹಸುರು ಜೀವಿಗಳ ವಿಷ ಸೇರಿದ ಜಲಾಶಯದ ನೀರನ್ನು ಮೂತ್ರಪಿಂಡ ರೋಗಿಗಳ ರಕ್ತಶುದ್ಧಿಗೆ ಬಳಸಿದುದರಿಂದ ಐವತ್ತಕ್ಕೂ ಹೆಚ್ಚು ಮಂದಿ ಸತ್ತರು. ಕುದಿಸಿದರೂ ನಾಶವಾಗದ ಆ ಮೈಕ್ರೊಸಿಸ್ಟಿನ್ ಮದರಾಸಿನ ಪುಷ್ಕರಿಣಿಯ ಜೀವಿಯ ಕುಲದ್ದೇ.

ಆದೇಶದ ಪರೀಕ್ಷೆ ಬೇಗನೆ ಬಂತು. ಹರಳೆಣ್ಣೆಯಿಂದ ರಾಸಾಯನಿಕಗಳನ್ನು ಮಾಡುವ ಒಂದು ಕಾರ್ಖಾನೆ ಹತ್ತು ಕಿಲೋಮೀಟರಿನ ಒಳಗೆ ಎದ್ದು ಅನುಮತಿಯನ್ನು ಬೇಡಿತು. ಮಾಲಿನ್ಯ ನಿಯಂತ್ರಣ ಮಂಡಳಿ ನಿರಾಕರಿಸಿತು. ಬಳಸಿ ಉಳಿದ ನಿಕ್ಕಲ್ ಮುಂತಾದುವು ಜಲಾಶಯಕ್ಕೆ ಸೇರಬಹುದೆಂಬುದು ಭಯ. ವ್ಯಾಜ್ಯ ಸುಪ್ರೀಂ ಕೋರ್ಟನ್ನು ಮುಟ್ಟಿತು. ಮೊದಲು 1999ರಲ್ಲಿ, ಕೊನೆಯದಾಗಿ 2000ದ ಡಿಸೆಂಬರಿನಲ್ಲಿ ನ್ಯಾಯಾಲಯ ತೀರ್ಪಿತ್ತು, ಸರಕಾರ ಕೊಟ್ಟ ವಿನಾಯಿತಿಯನ್ನು ಒಪ್ಪಲಿಲ್ಲ. ಹಾನಿಯಾಗುವುದೆಂದು ಜನರು ಸಾಧಿಸಬೇಕಾಗಿಲ್ಲ, ಆಗುವುದಿಲ್ಲವೆಂದು ಉದ್ಯಮಿ ಸಾಧಿಸಬೇಕು ಎಂಬ ಮುಂಜಾಗ್ರತೆಯ ತತ್ತ್ವ ಈ ಮೊಕದ್ದಮೆಯಲ್ಲಿ ನೆಲೆಗೊಂಡಿತು. ಕೆಸರಿನ ರಂಜಕದ ವಿಷಯವನ್ನು ಬಲ್ಲವರಿಗೆ ಈ ತತ್ತ್ವ ಅತಿಯೆನಿಸಲಾರದು. ಕೆರೆಯಲ್ಲಿ ಹಾನಿ ಕಣ್ಣಿಗೆ ಕಾಣುವ ವೇಳೆಗೆ ಅದರ ಸಾಮಗ್ರಿ ದಶಕಗಳಿಂದ ತಳದಲ್ಲಿ ಸೇರಿರುತ್ತದೆ.

ಈ ನಡುವೆ ನಗರದ ದಾಹ ಸಾಗರಗಳನ್ನು ಮೀರಿ ಹೋಗಿತ್ತು. 1965ರಿಂದ ಬೀದರ ಜಿಲ್ಲೆಯನ್ನು ಹಾದುಬರುವ ಮಂಜೀರಾ ನದಿಯ ನೀರು ಹೈದರಾಬಾದಿಗೆ ಬಂತು. 2004ರಲ್ಲಿ ಕೃಷ್ಣೆ, 2015ರಲ್ಲಿ ಗೋದಾವರಿ ಬಂದುವು. 2022ರ ಏಪ್ರಿಲ್ 12ರಂದು ತೆಲಂಗಾಣ ಸರಕಾರ 69ನೆಯ ಸಂಖ್ಯೆಯ ಆದೇಶವನ್ನು ಹೊರಡಿಸಿ, ನಗರಕ್ಕೆ ಬೇಕಾದ ನೀರಿನಲ್ಲಿ ಈ ಎರಡು ಜಲಾಶಯಗಳ ಪಾಲು ಶೇಕಡ 1.25ಕ್ಕಿಂತ ಕಡಮೆಯೆಂಬ ಕಾರಣದಿಂದ ಹಳೆಯ ನಿರ್ಬಂಧಗಳನ್ನು ಸಡಿಲಿಸಿತು. ನೀರಿನ ಗುಣ ಕೆಡಬಾರದೆಂಬ ಷರತ್ತನ್ನೂ ಅದರಲ್ಲಿಯೇ ಇಟ್ಟಿತು. 84 ಹಳ್ಳಿಗಳ ರೈತರು ಕಾಲು ಶತಮಾನ ತಮ್ಮ ಭೂಮಿಯ ಬೆಲೆಯನ್ನು ನಗರಕ್ಕಾಗಿ ತ್ಯಾಗಮಾಡಿದ್ದರೆಂಬುದು ನಿಜ. ಅವರ ದೂರನ್ನು ಲಘುವಾಗಿ ಕಾಣಲಾಗದು. ಆದರೆ ಶೇಕಡ 1.25ರ ಲೆಕ್ಕದಲ್ಲಿ ಕುಡಿಯುವ ನೀರು ಮಾತ್ರ ಸೇರಿದೆ. 1909ರ ವರದಿಯಲ್ಲಿ ಈ ಕಟ್ಟೆಗಳ ಮೊದಲ ಪ್ರಯೋಜನವಾಗಿ ನಮೂದಾದುದು ಬೇರೆ. 2020ರ ಅಕ್ಟೋಬರಿನಲ್ಲಿ ಹೈದರಾಬಾದಿನ ಮೇಲೆ ಮಹಾಮಳೆ ಸುರಿದಾಗ, ಒಂದು ದಶಕದಿಂದ ಮುಚ್ಚಿದ್ದ ಹಿಮಾಯತ್ ಸಾಗರದ ತೂಬುಗಳನ್ನು ನಡುರಾತ್ರಿಯ ಹೊತ್ತಿನಲ್ಲಿ ತೆರೆಯಬೇಕಾಯಿತು.